ತಾನಾಗಿ ಹೊರಟ ಮೋಟರು

ನನ್ನ ಗಂಡನಿಗೆ ಶಾಕ್ ಹೊಡೆದದ್ದು ಮೈನ್ ಸ್ವಿಚ್ ಆಫ್ ಮಾಡಿದ ಮೇಲೆ. ಆಸ್ಪತ್ರೆಗೆ ನೋಡಲು ಬಂದವರೆಲ್ಲ, “ಆಫ್ ಮಾಡದೆ ಕೈ ಹಾಕಿದ್ರಾ?” ಎಂದೇ ಕೇಳುತ್ತಿದ್ದರು. ಇವರು ಮಲಗಿದಲ್ಲಿಂದಲೇ ಇಲ್ಲವೆಂದು ತಲೆ ಅಲ್ಲಾಡಿಸುವರು. ಯಾರೂ ನಂಬುತ್ತಿರಲಿಲ್ಲ. ಮೊದಮೊದಲು ನಾನೂ ನಂಬಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಸುಳ್ಯದ ಪೇಟೆಯಲ್ಲಿ ನಮ್ಮದೊಂದು ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಎದುರಿಗೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಸುಟ್ಟುಹೋದ ಮೋಟರುಗಳನ್ನು ಜನ ಜೀಪಿನಲ್ಲಿ, ಬಸ್ಸಿನ ಮೇಲೆ, ಕೆಲವೊಮ್ಮೆ ತಲೆಹೊರೆಯಲ್ಲಿ ತಂದು ಇಳಿಸುವರು. ಒಳಗಿನ ಕರಕಲು ತಂತಿ ಬಿಚ್ಚಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವುದು ಇವರ ಕೆಲಸ. ಮರದ ಅಚ್ಚಿನ ಮೇಲೆ ಕಾಯಿಲು ಸುತ್ತುವುದನ್ನು ಮದುವೆಯಾದ ವರ್ಷವೇ ನಾನು ಕಲಿತಿದ್ದೆ. ಅಕ್ಕಿ ಬೇಯಲು ಇಟ್ಟು ಬಂದು ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು ಸುತ್ತುವೆ, ಎಣಿಸುವೆ, ದಾರ ಕಟ್ಟುವೆ. ಅಷ್ಟರವರೆಗೆ ಅದು ಬರೀ ತಂತಿ. ಕರೆಂಟು ಕೊಟ್ಟು ನೋಡುವ ಹೊತ್ತಿಗೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಅಂಗಡಿಯಿಂದ ಮೋಟರಿನ ಗುಂಯ್ ಸದ್ದು ಬಂದರೆ ಎದೆ ಹಾರುತ್ತಿತ್ತು. ಸ್ವಿಚ್ಚು ಹಾಕುವಾಗಲೂ ಮಡಿಚಿದ ಬಟ್ಟೆ ಹಿಡಿದು ಹಾಕುವವಳು ನಾನು. ಇವರು ನಗುತ್ತಿದ್ದರು.

ಶಾಕ್ ಹೊಡೆದದ್ದು ಕಡಬದ ಕಡೆಯ ಒಂದು ತೋಟದ ಬಾವಿಯಲ್ಲಿ. ಬೇಸಿಗೆಯಲ್ಲಿ ನೀರು ಇಳಿದಿದ್ದರಿಂದ ಬಾವಿಯೊಳಗೇ ಗರ್ಡರಿನ ಮೇಲೆ ಹಲಗೆ ಹಾಸಿ ಪಂಪು ಕೂರಿಸಿದ್ದರು. ಮೇಲೆ ಮೈನ್ ಆಫ್ ಮಾಡಿ ಇವರು ಏಣಿಯಲ್ಲಿ ಇಳಿದಿದ್ದಾರೆ. ಮೋಟರಿನ ಕಂಡೆನ್ಸರ್ ಎಂಬ ಡಬ್ಬಿಗೆ ಬೆರಳು ತಾಗಿದ್ದೇ ಕೈ ಎಗರಿದೆ, ಹಲಗೆಯಿಂದ ಹಿಂದಕ್ಕೆ ಬಿದ್ದಿದ್ದಾರೆ. ಕೆಳಗೆ ಎದೆಮಟ್ಟದ ನೀರು ಇದ್ದದ್ದರಿಂದ ಜೀವ ಉಳಿಯಿತು. ಭುಜ ಕಲ್ಲಿಗೆ ಬಡಿದು ಮೂಳೆ ಮುರಿಯಿತು.

ಮೂಳೆ ಕೂಡಿಕೊಂಡಿತು. ಆದರೆ ಅಂಗಡಿ ತೆರೆದ ದಿನ ಇವರು ಸ್ಕ್ರೂಡ್ರೈವರ್ ಹಿಡಿದು ಒಂದು ಮೋಟರಿನ ಮುಂದೆ ಕೂತವರು ಹಾಗೇ ಕೂತಿದ್ದರು. ಕೈ ಹತ್ತಿರ ಹೋದಂತೆ ನಡುಗುತ್ತಿತ್ತು. ಹಿಂದಕ್ಕೆ ತೆಗೆದರೆ ನಿಲ್ಲುತ್ತಿತ್ತು. ಮೂರು ನಾಲ್ಕು ಸಲ ಹಾಗೆ ಮಾಡಿ ನೋಡಿ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಅಂಥ ಮನುಷ್ಯ ಹೆದರಿದ್ದನ್ನು ನೋಡಿ ನನ್ನ ಹೆದರಿಕೆ ಎರಡರಷ್ಟಾಯಿತು.

ರಿಪೇರಿಗೆ ಬಂದ ಮೋಟರುಗಳು ಅಂಗಡಿಯಲ್ಲಿ ಸಾಲಾಗಿ ಬಿದ್ದಿದ್ದವು. ಜನ ಬಂದು ಕೇಳಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಇವರು ಕುರ್ಚಿಯನ್ನು ಅಂಗಡಿಯ ಮೂಲೆಗೆ ಎಳೆದುಕೊಂಡು ಕೂತು, “ನೀನು ಇಲ್ಲಿ ಬಾ” ಎಂದರು. “ನಾನು ಹೇಳ್ತೇನೆ. ನೀನು ಕೈ ಹಾಕು.”

“ನನ್ನಿಂದ ಆಗುದಿಲ್ಲ.”

“ನನ್ನಿಂದಲೂ ಆಗುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಆಗ್ಲೇಬೇಕಲ್ಲ ಮಾರಾಯ್ತಿ.”

ಮೊದಲು ಕಲಿಸಿದ್ದು ತಮ್ಮನ್ನು ಬೀಳಿಸಿದ ಕಂಡೆನ್ಸರನ್ನೇ. ಹೆಬ್ಬೆರಳಿಗಿಂತ ದಪ್ಪದ ಕಪ್ಪು ಡಬ್ಬಿ, ತಲೆಯಲ್ಲಿ ಎರಡು ತಂತಿ. ಮೋಟರು ಹೊರಡುವಾಗ ಅದರೊಳಗೆ ಕರೆಂಟು ತುಂಬಿಕೊಳ್ಳುತ್ತದೆ. ಮೋಟರು ನಿಲ್ಲುತ್ತ ಬಂದಂತೆ ಒಳಗಿನ ಒಂದು ಸಣ್ಣ ಸ್ವಿಚ್ಚು ಟಕ್ಕೆಂದು ಕೂಡಿಕೊಂಡು, ತುಂಬಿದ್ದು ಖಾಲಿಯಾಗಿ ಹೋಗಬೇಕು. ಕಡಬದ ಬಾವಿಯಲ್ಲಿ ಆ ಸ್ವಿಚ್ಚು ತುಕ್ಕು ಹಿಡಿದು ಕೂಡದೆ ಸಿಕ್ಕಿಕೊಂಡಿತ್ತು. ಮೈನ್ ಆಫ್ ಆಗಿದ್ದರೂ ಡಬ್ಬಿಯಲ್ಲಿ ಉಳಿದದ್ದು ಉಳಿದೇ ಇತ್ತು.

“ಅದರ ಎರಡೂ ಕಾಲಿಗೆ ಸ್ಕ್ರೂಡ್ರೈವರ್ ಒಟ್ಟಿಗೆ ತಾಗಿಸು. ಮರದ ಹಿಡಿ ಮಾತ್ರ ಹಿಡಿ. ಕಿಡಿ ಬರ್ತದೆ, ಬರ್ಲಿ.”

ನಾನು ಕಣ್ಣು ಮುಚ್ಚಿ ತಾಗಿಸಿದೆ. ಚಟ್ಟೆಂದಿತು. ಸ್ಕ್ರೂಡ್ರೈವರ್ ಕೈಯಿಂದ ಬಿತ್ತು. ತಿರುಗಿ ನೋಡಿದರೆ ಇವರು ಕುರ್ಚಿಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದರು, ಹಣೆಯಲ್ಲಿ ಬೆವರು. ನಾನು ಸ್ಕ್ರೂಡ್ರೈವರ್ ಹೆಕ್ಕಿಕೊಂಡೆ. ಆಮೇಲೆ ಇವರು, “ಕಣ್ಣು ಮುಚ್ಚಬಾರದು” ಎಂದರು.

ಹಾಗೆ ಶುರುವಾಯಿತು. ಬಿಚ್ಚಿದ ಮೋಟರನ್ನು ಮುಂದಿಟ್ಟುಕೊಂಡು ನಾನು ಕೇಳುವೆ, ಇವರು ಮೂಲೆಯಿಂದ ಹೇಳುವರು. ನಡುವೆ ತಿರುಗುವ ಭಾಗಕ್ಕೆ, ಅಂದರೆ ರೋಟರಿಗೆ, ಒಂದೇ ಒಂದು ವಯರೂ ಹೋಗುವುದಿಲ್ಲ ಎಂದು ಗೊತ್ತಾದ ದಿನ ನನಗೆ ಇನ್ನೂ ಹೆದರಿಕೆಯಾಯಿತು. ಕರೆಂಟು ಹರಿಯುವುದು ಸುತ್ತಲಿನ ಕಾಯಿಲಿನಲ್ಲಿ. ತಿರುಗುವುದು ಮಾತ್ರ ಒಳಗಿನ ರೋಟರು. ನಡುವೆ ಕಾಗದದಷ್ಟು ತೆಳ್ಳಗಿನ ಖಾಲಿ ಜಾಗ. ಏನೂ ತಾಗುವುದಿಲ್ಲ, ಆದರೂ ತಿರುಗುತ್ತದೆ.

“ಕಾಯಿಲಿನ ಅಯಸ್ಕಾಂತ ಬದಲಾಗ್ತಾ ಇದ್ದ ಹಾಗೆ ರೋಟರಿನ ಅಲ್ಯುಮಿನಿಯಂ ಸರಳುಗಳಲ್ಲಿ ತಾನಾಗಿಯೇ ಕರೆಂಟು ಹುಟ್ತದೆ” ಎಂದರು ಇವರು. “ಆಮೇಲೆ ಒಂದನ್ನೊಂದು ದೂಡ್ತವೆ.”

“ಹಾಗಾದ್ರೆ ಕೆಲವು ಮೋಟರು ಗುಂಯ್ ಅಂತ ಅಲ್ಲೇ ನಿಲ್ಲುದು ಯಾಕೆ?”

“ಬೀಸುವ ಕಲ್ಲು ನೆನಪು ಮಾಡು. ಗೂಟವನ್ನು ನಿನ್ನ ಕಡೆಗೆ ಎಳಿ, ಅದೇ ಗೆರೆಯಲ್ಲಿ ಆಚೆಗೆ ದೂಡು. ಕಲ್ಲು ತಿರುಗ್ತದಾ?”

“ಇಲ್ಲ. ಇದ್ದಲ್ಲೇ ಅಲ್ಲಾಡ್ತದೆ.”

“ಸಿಂಗಲ್ ಫೇಸು ಅಂದ್ರೆ ಅಷ್ಟೆ. ಒಂದೇ ಗೆರೆಯಲ್ಲಿ ಎಳೆದು ದೂಡುದು, ಸೆಕೆಂಡಿಗೆ ನೂರು ಸಲ ದಿಕ್ಕು ಬದಲು. ಎಡಕ್ಕೆ ಹೋಗ್ಬೇಕಾ ಬಲಕ್ಕೆ ಹೋಗ್ಬೇಕಾ ಅಂತ ರೋಟರಿಗೆ ಗೊತ್ತಾಗುದಿಲ್ಲ. ಈಗ ಇನ್ನೊಬ್ಬರು ಪಕ್ಕದಲ್ಲಿ ಕೂತು, ನೀನು ಎಳೆಯುವ ಸ್ವಲ್ಪ ಮೊದಲು ಅಡ್ಡಕ್ಕೆ ಒಂದು ಕೈ ಕೊಟ್ರೆ?”

“ತಿರುಗ್ತದೆ.”

“ಆ ಇನ್ನೊಂದು ಕೈ ಇದು.” ಇವರು ದೂರದಿಂದಲೇ ತೆಳು ತಂತಿಯ ಕಾಯಿಲನ್ನು ತೋರಿಸಿದರು. “ಸ್ಟಾರ್ಟಿಂಗ್ ಕಾಯಿಲು. ಕಂಡೆನ್ಸರ್ ಇರುದರಿಂದ ಇದರ ಕರೆಂಟು ಒಂಚೂರು ಮುಂಚೆ ಬರ್ತದೆ. ಒಮ್ಮೆ ವೇಗ ಹಿಡಿದ ಮೇಲೆ ಈ ಕೈ ಬೇಡ. ಒಳಗಿನ ಸ್ವಿಚ್ಚು ಟಕ್ ಅಂತ ಅದನ್ನು ಬಿಡಿಸ್ತದೆ. ಆಮೇಲೆ ನಿನ್ನ ಒಂದು ಕೈ ಸಾಕು.”

“ಕಂಡೆನ್ಸರ್ ಕೆಟ್ರೆ?”

“ಗುಂಯ್. ಆಗ ಯಾರಾದ್ರೂ ಕೈಯಲ್ಲಿ ಎಳೆದು ಬಿಟ್ರೆ ಎಳೆದ ದಿಕ್ಕಿಗೇ ಓಡ್ತದೆ. ಎಡಕ್ಕಾದ್ರೆ ಎಡಕ್ಕೆ, ಬಲಕ್ಕಾದ್ರೆ ಬಲಕ್ಕೆ. ಎಷ್ಟೋ ಜನ ಹಾಗೇ ಓಡಿಸ್ತಾರೆ. ಕಂಡೆನ್ಸರ್ ತರ್ಲಿಕ್ಕೆ ಮಂಗಳೂರಿಗೆ ಯಾರು ಹೋಗುದು?”

ಇದನ್ನು ಹೇಳುವಾಗ ಇವರು ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಏನಿತ್ತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ವರ್ಷದಲ್ಲಿ ನಾನು ಅಂಗಡಿಯ ಕೆಲಸವನ್ನೆಲ್ಲ ಮಾಡುವಷ್ಟಾದೆ. ಹೆದರಿಕೆ ಹೋಗಲಿಲ್ಲ. ಪ್ರತಿ ಸಲ ಸ್ವಿಚ್ಚು ಹಾಕುವ ಮೊದಲು ನಾಲಿಗೆ ಒಣಗುತ್ತಿತ್ತು, ಬೆರಳ ತುದಿ ತಣ್ಣಗಾಗುತ್ತಿತ್ತು. ಜನ, “ಹೆಂಗಸಾದ್ರೂ ಧೈರ್ಯ ಉಂಟು ಮಾರಾಯ್ರೆ” ಎನ್ನುವರು.

ಅಜ್ಜಾವರದ ಮಿಲ್ಲಿನಿಂದ ಕರೆ ಬಂದದ್ದು ಒಂದು ಬೇಸಿಗೆಯಲ್ಲಿ. ಬ್ಯಾರಿ ಮುಸ್ಲಿಂ ಕುಟುಂಬವೊಂದು ಮನೆಯ ಪಕ್ಕದ ಶೆಡ್ಡಿನಲ್ಲಿ ಅಕ್ಕಿ, ಗೋಧಿ, ಮೆಣಸು ಹುಡಿ ಮಾಡುವ ಸಣ್ಣ ಮಿಲ್ಲು ಇಟ್ಟಿತ್ತು. ಮನೆಯ ಯಜಮಾನ ಗಲ್ಫಿನಲ್ಲಿ. ಮಿಲ್ಲು ನಡೆಸುತ್ತಿದ್ದವಳು ಅವನ ಹೆಂಡತಿ, ಹೆಚ್ಚುಕಡಿಮೆ ನನ್ನದೇ ಪ್ರಾಯ. ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇಬ್ಬರೇ. “ಗಂಡಸರು ಇಲ್ಲದ ಮನೆ, ನೀವೇ ಬಂದ್ರೆ ಒಳ್ಳೇದಿತ್ತು” ಎಂದು ಹೇಳಿ ಕಳಿಸಿದ್ದಳು.

ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಚೀಲದಲ್ಲಿ ಹೊಸ ಕಂಡೆನ್ಸರ್, ಸ್ಪ್ಯಾನರು, ಸ್ಕ್ರೂಡ್ರೈವರು, ವಯರಿಗೆ ಜೋಡಿಸಿದ ಒಂದು ಟೆಸ್ಟ್ ಬಲ್ಬು. ನಾನು ಶೆಡ್ಡಿನ ಬಾಗಿಲಿಗೆ ಬಂದಾಗ ಕರೆಂಟು ಇರಲಿಲ್ಲ. ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ಅದು ಹೇಳದೆ ಹೋಗುತ್ತಿತ್ತು, ಹೇಳದೆ ಬರುತ್ತಿತ್ತು. ಅವಳು ಮೋಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆಲ್ಟಿಗೂ ಅದು ಓಡುವ ಪುಲ್ಲಿಯ ಚಕ್ರಕ್ಕೂ ಅಂಟಿದ ಹಿಟ್ಟನ್ನು ಬಟ್ಟೆಯಿಂದ ಉಜ್ಜಿ ತೆಗೆಯುತ್ತಿದ್ದಳು.

“ಹಿಟ್ಟು ಅಂಟಿದ್ರೆ ಬೆಲ್ಟು ಜಾರ್ತದೆ ಅಕ್ಕ. ಕರೆಂಟು ಹೋದಾಗ ಇದೇ ಕೆಲಸ.”

“ಎಷ್ಟು ಕಾಲ ಆಯ್ತು ಇದು ತಾನಾಗಿ ಹೊರಡದೆ?”

“ಎರಡು ವರ್ಷ ಆಯ್ತು. ಬೆಲ್ಟು ಎಳೆದು ಬಿಟ್ರೆ ಹೋಗ್ತದೆ. ಒಮ್ಮೆ ಹಿಂದೆ ಎಳೆದುಬಿಟ್ಟೆ, ಉಲ್ಟಾ ತಿರುಗಿತು, ಹಿಟ್ಟೇ ಬರ್ಲಿಲ್ಲ.” ಅವಳು ನಕ್ಕಳು. “ಈಗ ಅಭ್ಯಾಸ ಆಗಿದೆ. ಸ್ವಿಚ್ಚು ನಾನು ತೆಗೆಯುದೇ ಇಲ್ಲ. ಕರೆಂಟು ಬಂದ್ರೆ ಅದೇ ಗುಂಯ್ ಅಂತ ಕರೀತದೆ. ಅಡುಗೆಮನೆಯಲ್ಲಿದ್ರೂ ಕೇಳ್ತದೆ. ಆಗ ಓಡಿ ಬಂದು ಎಳೆಯುದು.”

ನಾನು ಹೂಂ ಎಂದೆ. ಮೊದಲು ಮೈನ್ ಆಫ್ ಮಾಡಿದೆ, ಬಲ್ಬಿನಿಂದ ಪರೀಕ್ಷಿಸಿದೆ, ಕಂಡೆನ್ಸರಿಗೆ ಸ್ಕ್ರೂಡ್ರೈವರ್ ತಾಗಿಸಿದೆ. ನನ್ನ ಗಮನವೆಲ್ಲ ನನ್ನ ಬೆರಳುಗಳ ಮೇಲೆ. ಹಿಂದಿನ ಮುಚ್ಚಳ ಬಿಚ್ಚಿದಾಗ ಒಳಗಿನ ಸ್ವಿಚ್ಚಿನ ಸುತ್ತ ಹಿಟ್ಟು ಗಟ್ಟಿಯಾಗಿ ಕಲ್ಲಿನ ಹಾಗಾಗಿತ್ತು. ಕೆರೆದು ತೆಗೆದು, ಸ್ಪ್ರಿಂಗು ಆಡುತ್ತದೆಯೇ ನೋಡಿ, ಸ್ವಿಚ್ಚು ಕೂಡುವ ಪಾಯಿಂಟಿಗೆ ಮರಳುಕಾಗದ ಉಜ್ಜಿ ಹೊಳಪು ಬರಿಸಿದೆ. ಹೊಸ ಕಂಡೆನ್ಸರ್ ಕೂರಿಸಿದೆ. ಎಲ್ಲ ಮುಗಿಯುವಾಗ ಕರೆಂಟು ಬಂದಿತ್ತು. ಅವಳನ್ನು ದೂರ ನಿಲ್ಲಿಸಿ ಮೈನ್ ಹಾಕಿದೆ. ಮೋಟರು ಒಂದು ಕ್ಷಣವೂ ತಡೆಯದೆ ಎದ್ದಿತು. ಟಕ್ ಎಂದಿತು. ಬೆಲ್ಟು ನಿರಾಯಾಸವಾಗಿ ಓಡತೊಡಗಿತು.

ಅವಳು ಬಾಯಿಗೆ ಕೈ ಇಟ್ಟುಕೊಂಡು ನೋಡಿದಳು. ಅತ್ತೆಯನ್ನು ಕರೆದು ತೋರಿಸಿದಳು. ಆ ಹಿರಿಯ ಹೆಂಗಸು ನನ್ನ ತಲೆ ಮುಟ್ಟಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಅಷ್ಟು ಸಂತೋಷ ಈ ಕೆಲಸದಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ. ಚಾ ಕುಡಿದು, ಮಧ್ಯಾಹ್ನದ ಬಸ್ಸು ಹಿಡಿದೆ.

ಬಸ್ಸು ಎರಡನೇ ಸ್ಟಾಪಿನಲ್ಲಿ ಒಂದು ಚಾದ ಅಂಗಡಿಯ ಎದುರು ನಿಂತಿತು. ಅಂಗಡಿಯ ರೇಡಿಯೋದಲ್ಲಿ ಯಾರೋ ವಾರ್ತೆ ಓದುತ್ತಿದ್ದರು. ಯಾರೋ ಮೂಟೆ ಇಳಿಸುತ್ತಿದ್ದರು. ವಾರ್ತೆ ಒಂದು ಶಬ್ದದ ಅರ್ಧದಲ್ಲಿ ನಿಂತಿತು. ಅಂಗಡಿಯವರು ರೇಡಿಯೋಕ್ಕೆ ಒಂದು ಪೆಟ್ಟು ಕೊಟ್ಟು, ತಲೆ ಎತ್ತಿ ಮೇಲಿನ ಬಲ್ಬು ನೋಡಿ, “ಹೋಯ್ತು” ಎಂದರು.

ಕರೆಂಟು ಹೋಯಿತು ಎಂದುಕೊಂಡೆ. ಅಲ್ಲಿಯೂ ಹೋಗಿರುತ್ತದೆ. ಮಿಲ್ಲು ನಿಂತಿರುತ್ತದೆ. ಅವಳು ಈಗ ಬಟ್ಟೆ ತೆಗೆದುಕೊಂಡು ಕೂತಿರುತ್ತಾಳೆ.

ಆಗ ಅವಳು ಬೆಳಿಗ್ಗೆ ಹೇಳಿದ್ದು ನೆನಪಾಯಿತು. ಅವಳು ಸ್ವಿಚ್ಚು ತೆಗೆಯುವುದಿಲ್ಲ. ಎರಡು ವರ್ಷದಿಂದ ತೆಗೆದಿಲ್ಲ. ಕರೆಂಟು ಬಂದರೆ ಮೋಟರು ಗುಂಯ್ ಎನ್ನುತ್ತದೆ, ತಾನು ಎಳೆಯುವವರೆಗೆ ಅದು ಕದಲುವುದಿಲ್ಲ ಎಂದು ಅವಳ ಕೈಗೆ ಗೊತ್ತು. ಆ ಮೋಟರನ್ನು ನಾನು ಬೆಳಿಗ್ಗೆ ಸರಿ ಮಾಡಿ ಬಂದಿದ್ದೆ. ಈಗ ಅದು ಗುಂಯ್ ಎನ್ನುವುದಿಲ್ಲ. ಕರೆಂಟು ಬಂದ ಗಳಿಗೆಯಲ್ಲೇ ಹೊರಡುತ್ತದೆ, ಅವಳ ಕೈ ಎಲ್ಲೇ ಇರಲಿ.

ನಾನು ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಹೊರಡುತ್ತಿದ್ದ ಬಸ್ಸಿನಲ್ಲಿ ಎದ್ದು ನಿಂತೆ. ಕಂಡಕ್ಟರರು, “ನಿಮ್ಮದು ಸುಳ್ಯಕ್ಕಲ್ವಾ ಅಕ್ಕ?” ಎಂದರು. ಇಳಿಯಬೇಕು ಎಂದೆನೋ ಸುಮ್ಮನೆ ಇಳಿದೆನೋ ನೆನಪಿಲ್ಲ. ಚೀಲ ಬಸ್ಸಿನಲ್ಲೇ ಉಳಿಯಿತು.

ಓಡಿದೆ. ಮದುವೆಯಾದ ಮೇಲೆ ನಾನು ಹಾಗೆ ಓಡಿದ್ದು ಅದೊಂದೇ ಸಲ. ಸೀರೆಯ ನೆರಿಗೆ ಎತ್ತಿ ಹಿಡಿದಿದ್ದೆ. ಒಂದು ಚಪ್ಪಲಿಯ ಬಾರು ಕಿತ್ತಿತು, ಎರಡನ್ನೂ ಬಿಟ್ಟೆ. ಡಾಂಬರು ಕಾದು ಕಾಲು ಸುಡುತ್ತಿತ್ತು, ಹಾಗಾಗಿ ರಸ್ತೆಯ ಬದಿಯ ಹುಲ್ಲಿನಲ್ಲಿ ಓಡಿದೆ. ದಾರಿಯಲ್ಲಿದ್ದ ಒಂದು ಮನೆಯಿಂದ ರೇಡಿಯೋ ಕೇಳುತ್ತದೆಯೇ ಎಂದು ಕಿವಿ ಕೊಟ್ಟೆ. ಇಲ್ಲ. ಸದ್ದಿಲ್ಲದ ಒಂದೊಂದು ಮನೆ ದಾಟಿದಾಗಲೂ ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದುಕೊಳ್ಳುತ್ತಿದ್ದೆ. ಎದುರು ಬಂದ ಸೈಕಲ್ಲಿನವರೊಬ್ಬರು ಇಳಿದು, “ಎಂತ ಆಯ್ತು, ಯಾರಿಗಾದ್ರೂ ಎಂತದಾದ್ರೂ ಆಯ್ತಾ?” ಎಂದು ಕೇಳಿದರು. ಉತ್ತರ ಕೊಡುವಷ್ಟು ಉಸಿರು ನನ್ನಲ್ಲಿರಲಿಲ್ಲ. ಕೊಟ್ಟಿದ್ದರೂ ಏನೆಂದು ಹೇಳುವುದು? ಸರಿಯಾದ ಮೋಟರಿಗೆ ಹೆದರಿ ಓಡುತ್ತಿದ್ದೇನೆ ಎಂದು ಹೇಳುವುದೇ?

ಅತ್ತೆ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ ಗೆರಸೆ ಕೆಳಗಿಟ್ಟರು. “ಎಂತ ಮಗಳೇ, ಬಸ್ಸು ತಪ್ಪಿತಾ?” ನಾನು ಅವರನ್ನು ದಾಟಿ ಶೆಡ್ಡಿನ ಬಾಗಿಲಿಗೆ ಹೋದೆ.

ಅವಳು ಬೆಳಿಗ್ಗೆ ಕೂತಲ್ಲೇ ಕೂತಿದ್ದಳು, ನನಗೆ ಬೆನ್ನು ಹಾಕಿ. ಎಡಗೈಯಲ್ಲಿ ಬೆಲ್ಟನ್ನು ಪಕ್ಕಕ್ಕೆ ಒತ್ತಿ ಹಿಡಿದು, ಬಲಗೈಯನ್ನು ಬಟ್ಟೆಸಮೇತ ಬೆಲ್ಟಿಗೂ ಪುಲ್ಲಿಗೂ ನಡುವೆ ಹಾಕಿದ್ದಳು. ತಲೆಯ ಬಿಳಿ ಬಟ್ಟೆಯ ತುದಿ ಬೆಲ್ಟಿನ ಮೇಲೆ ಇಳಿಬಿದ್ದಿತ್ತು. ಬಾಯಲ್ಲಿ ಏನೋ ಗುನುಗುತ್ತಿದ್ದಳು.

ಕೂಗಬೇಕೆಂದು ಬಾಯಿ ತೆರೆದವಳು ತಡೆದೆ. ಬೆಚ್ಚಿ ಕೈ ಎಳೆದುಕೊಂಡರೆ, ಬಟ್ಟೆ ಸಿಕ್ಕಿಕೊಂಡರೆ, ಅದೇ ಹೊತ್ತಿಗೆ ಕರೆಂಟು ಬಂದರೆ? ಮೈನ್ ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯಲ್ಲಿತ್ತು, ಕಬ್ಬಿಣದ ಪೆಟ್ಟಿಗೆ. ಹಿಡಿ ಬಿಗಿಯಾಗಿತ್ತು. ಬೆವೆತ ಕೈ ಜಾರಿತು. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಕೆಳಗೆಳೆದೆ. ಟಪ್ ಎಂದಿತು.

ಅವಳು ತಿರುಗಿ ನೋಡಿದಳು. “ಅಕ್ಕಾ? ಎಂತ ಮರೆತು ಹೋಗಿದ್ರಿ?”

ನಾನು ಗೋಡೆಗೊರಗಿ ಕೆಳಗೆ ಕೂತೆ. ಅವಳು ನೀರು ತಂದಳು. ಅವಳೇ ಲೋಟ ಹಿಡಿದು ಕುಡಿಸಿದಳು. ಕುಡಿಸುವಾಗ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

ಹೇಳಿದೆ. ಹೇಗೆ ಹೇಳಿದೆನೋ, ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವಳಿಗೆ ಅರ್ಥವಾಗಲಿಲ್ಲ. “ಕರೆಂಟು ಇಲ್ಲವಲ್ಲ” ಎಂದಳು. ಎರಡನೇ ಸಲ ಹೇಳುವಾಗ ಅವಳ ಕಣ್ಣು ನಿಧಾನವಾಗಿ ಮೋಟರಿನ ಕಡೆ ತಿರುಗಿತು. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

ನಾವು ಹಾಗೇ ಕೂತಿದ್ದಾಗ ಜಗಲಿಯ ಬಲ್ಬು ಹತ್ತಿತು. ಮನೆಗೆ ಬೇರೆ ಲೈನು ಇತ್ತು. ಇಬ್ಬರೂ ಮೋಟರನ್ನೇ ನೋಡಿದೆವು. ಮೈನ್ ತೆಗೆದಿದ್ದರಿಂದ ಅದು ಸುಮ್ಮನಿತ್ತು. ನಾನು ಎದ್ದು, ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ನೋಡಲಿ ಎಂದೇ ಮೈನ್ ಹಾಕಿದೆ. ಮೋಟರು ಮಾತಿಲ್ಲದೆ ಹೊರಟಿತು. ಬೆಳಿಗ್ಗೆ ಅದನ್ನೇ ನೋಡಿ ಸಂತೋಷಪಟ್ಟವಳು ಈಗ ಎರಡು ಹೆಜ್ಜೆ ಹಿಂದೆ ಹೋದಳು.

“ಮೊದಲಿನ ಹಾಗೆ ಮಾಡಿ ಕೊಡಿ ಅಕ್ಕ” ಎಂದಳು. “ಆಗ ಅದು ನನಗೆ ಕಾಯ್ತಿತ್ತು.”

ಹಾಗೆ ಮಾಡಿದರೆ ಎಳೆಯಲು ಯಾರೂ ಇಲ್ಲದ ಹೊತ್ತಿಗೆ ಕರೆಂಟು ಬಂದು, ಮೋಟರು ನಿಂತಲ್ಲೇ ಕಾದು ಸುಟ್ಟುಹೋಗುತ್ತದೆ ಎಂದು ಹೇಳಿದೆ. ಅವಳು ಒಪ್ಪಲಿಲ್ಲ. ಅತ್ತೆ ಬಂದು ಅವಳಿಗೆ ಬ್ಯಾರಿಯಲ್ಲಿ ಸ್ವಲ್ಪ ಹೊತ್ತು ಹೇಳಿದರು. ಕೊನೆಗೆ ಮನೆಯಲ್ಲಿದ್ದ ಒಂದು ಹೋಲ್ಡರು, ಒಂದು ತುಂಡು ವಯರು ತರಿಸಿ, ಅವರ ಅಡುಗೆಮನೆಯ ಚೂರಿಯಲ್ಲೇ ವಯರು ಕೆರೆದು, ಮೈನ್ ತೆಗೆದಾಗಲೂ ಉರಿಯುವ ಹಾಗೆ ಶೆಡ್ಡಿನ ಬಾಗಿಲ ಮೇಲೆ ಒಂದು ಬಲ್ಬು ಹಾಕಿದೆ. ಆ ಜೋಡಣೆಗೆ ಜೀವ ಇರುವ ಲೈನಿನ ಹತ್ತಿರ ಹೋಗಬೇಕಿತ್ತು. ಕಂಬದ ಕಡೆಯಿಂದ ಬರುವ ಫ್ಯೂಸು ತೆಗೆದು ನನ್ನ ಸೆರಗಿಗೆ ಕಟ್ಟಿಕೊಂಡು ಮಾಡಿದೆ. “ಕರೆಂಟು ಹೋದ ಕೂಡಲೇ ಮೈನ್ ತೆಗೀಬೇಕು. ಬಂತಾ ಇಲ್ವಾ ಅಂತ ಬಲ್ಬು ಹೇಳ್ತದೆ. ಮೋಟರಿನ ಮಾತು ಇನ್ನು ಕೇಳ್ಬೇಡಿ” ಎಂದೆ. ಅವಳಿಂದ ಹತ್ತು ಸಲ ಮೈನ್ ಹಾಕಿಸಿ ತೆಗೆಸಿದೆ. ಅವಳು ಆ ಮಿಲ್ಲನ್ನು ಆಮೇಲೆ ಬಹಳ ವರ್ಷ ನಡೆಸಿದಳು, ಎರಡೂ ಕೈಯಲ್ಲಿ ಐದೈದು ಬೆರಳಿಟ್ಟುಕೊಂಡು.

ಸಂಜೆ ಬರಿಗಾಲಲ್ಲಿ ಮನೆಗೆ ಬಂದೆ. ಚೀಲ ಕಂಡಕ್ಟರರು ಅಂಗಡಿಗೆ ತಲುಪಿಸಿ ಹೋಗಿದ್ದರು. ನಾನಿಲ್ಲದೆ ಚೀಲ ಮಾತ್ರ ಬಂದದ್ದನ್ನು ನೋಡಿ ಇವರು ಬಸ್ ಸ್ಟ್ಯಾಂಡಿಗೂ ಅಂಗಡಿಗೂ ಎಷ್ಟು ಸಲ ನಡೆದಿದ್ದರೋ. ಬೈಯಲಿಲ್ಲ. ಕೂರಿಸಿ ಕೇಳಿದರು. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ.

“ನಾನು ಎಷ್ಟೋ ಮಾಡಿ ಕೊಟ್ಟಿದ್ದೇನೆ” ಎಂದರು. “ಎಳೆದು ಓಡಿಸ್ತಿದ್ದ ಮೋಟರು. ಕಂಡೆನ್ಸರ್ ಹಾಕಿ, ಸರಿಯಾಯ್ತು ತೆಗೊಂಡು ಹೋಗಿ ಅಂತ. ಒಬ್ಬರಿಗೂ ಹೇಳಿಲ್ಲ.”

ಆ ಶಾಕ್ ಹೊಡೆದ ಮೇಲೆ ಇವರು ಸುಳ್ಯ ಬಿಟ್ಟು ಎಲ್ಲಿಗೂ ಹೋದವರಲ್ಲ. ಬಸ್ಸು ಹತ್ತಲೂ ಏನೋ ಒಂದು ಅಂಜಿಕೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ ಅಂಗಿ ಹಾಕಿಕೊಂಡು ನಿಂತಿದ್ದರು. “ನೀನೂ ಬಾ” ಎಂದರು. ನೆನಪಾದ ಮನೆಗಳಿಗೆಲ್ಲ ಹೋದೆವು. ಒಂದು ದಿನ ಗುತ್ತಿಗಾರು, ಒಂದು ದಿನ ಕಡಬ. ಕೆಲವರಿಗೆ ಇದೇನು ಹುಚ್ಚು ಎನಿಸಿರಬೇಕು. ಕೆಲಸ ಕೇಳಲು ಬಂದಿದ್ದಾರೆ ಎಂದುಕೊಂಡವರೂ ಇದ್ದರು. ಇವರು ಅಂಗಳದಲ್ಲೇ ನಿಂತು, ಕರೆಂಟು ಹೋದರೆ ಸ್ವಿಚ್ಚು ತೆಗೆಯಬೇಕು, ಮೋಟರು ಈಗ ಯಾರನ್ನೂ ಕಾಯುವುದಿಲ್ಲ ಎಂದು ಹೇಳುವರು. ಹೇಳಿದ ಮೇಲೆ ಆ ಮನೆಯವರ ಕೈಗಳನ್ನು ನೋಡುವರು. ನಾನೂ ನೋಡುತ್ತಿದ್ದೆ. ಎಲ್ಲ ಸರಿಯಾಗಿದ್ದರೆ ಇಬ್ಬರಿಗೂ ಉಸಿರು ಬರುತ್ತಿತ್ತು.

ಪಂಜದಲ್ಲಿ ಒಂದು ಸಣ್ಣ ಹೋಟೆಲು. ಯಜಮಾನರಿಗೆ ಐವತ್ತು ದಾಟಿತ್ತು. ಇಡ್ಲಿಯ ಹಿಟ್ಟು ಕಡೆಯುವ ಬೆಲ್ಟಿನ ಗ್ರೈಂಡರಿಗೆ ಇವರು ತಾವು ಬೀಳುವ ಮೊದಲಿನ ವರ್ಷ ಕಂಡೆನ್ಸರ್ ಹಾಕಿ ಕೊಟ್ಟಿದ್ದರು. ನಾವು ಕೂತೆವು. ಅವರೇ ಚಾ ತಂದಿಟ್ಟರು. ಲೋಟ ಇಟ್ಟ ಬಲಗೈಯಲ್ಲಿ ಕಡೆಯ ಎರಡು ಬೆರಳು ಇರಲಿಲ್ಲ.

ನಾನೇ ಕೇಳಿದೆ. “ಕೈಗೆ ಎಂತ ಆಯ್ತು?”

“ಗ್ರೈಂಡರಿಗೆ ಸಿಕ್ಕಿತು. ನೀವು ಸರಿ ಮಾಡಿ ಕೊಟ್ಟ ವಾರವೇ. ಕರೆಂಟು ಇರ್ಲಿಲ್ಲ, ಬೆಲ್ಟು ಜಾರಿತ್ತು, ಹಾಕ್ಲಿಕ್ಕೆ ಹೋದೆ. ಅಷ್ಟ್ರಲ್ಲಿ ಬಂತು. ನನ್ನದೇ ಅಜಾಗರೂಕತೆ.” ಅವರು ಬೇರೆ ಗಿರಾಕಿಯ ಕಡೆ ತಿರುಗಿದರು. “ಮೋಟರು ಮಾತ್ರ ಒಳ್ಳೇದುಂಟು. ಒಂದು ದಿನ ತೊಂದರೆ ಕೊಡ್ಲಿಲ್ಲ.”

ಇವರ ಮುಂದೆ ಚಾ ತಣ್ಣಗಾಗಿ ಕೆನೆ ಕಟ್ಟಿತು. ನಾವು ಹೇಳಲು ಬಂದದ್ದನ್ನು ಹೇಳದೆ ಎದ್ದು ಬಂದೆವು. ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ಮಿಲ್ಲಿನವಳ ಕೈ ಉಳಿದ ಸಂತೋಷವನ್ನು ಆ ದಿನ ನಾನು ಒಳಗೇ ಇಟ್ಟುಕೊಂಡೆ. ಅದು ಬರೀ ಒಂದು ರೇಡಿಯೋ ನಿಂತ ಅದೃಷ್ಟ ಎಂದು ನನಗೆ ಗೊತ್ತಿತ್ತು.

ಮುಂದಿನ ಮಳೆಗಾಲ ಕಳೆದ ಮೇಲೆ ಆ ಹೋಟೆಲಿನವರೇ ನಮ್ಮ ಅಂಗಡಿಗೆ ಬಂದರು. ಮೋಟರು ಸುಟ್ಟಿತ್ತು. ನಾನು ಅದನ್ನು ಬಿಚ್ಚುತ್ತಿದ್ದೆ. ಇವರು ಮೂಲೆಯ ಕುರ್ಚಿಯಿಂದ ಎದ್ದು ಬಂದು ಅವರೆದುರು ನಿಂತರು.

“ಆ ದಿನ ತಪ್ಪು ನಿಮ್ಮದಲ್ಲ” ಎಂದರು. “ಮೊದಲು ನೀವು ಎಳೆದು ಓಡಿಸ್ತಿದ್ದದ್ದು. ಸರಿ ಮಾಡಿದ ಮೇಲೆ ಅದು ತಾನಾಗಿ ಹೊರಡ್ತದೆ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಹೋಟೆಲಿನವರು ಬಿಚ್ಚಿದ ಮೋಟರಿನ ಕಡೆ ನೋಡಿದರು. ಆಮೇಲೆ, “ಗೊತ್ತುಂಟು” ಎಂದರು. “ನೀವಿಬ್ಬರು ಬಂದು ಚಾ ಮುಟ್ಟದೆ ಹೋದ ದಿನ ಯೋಚನೆ ಮಾಡಿದೆ. ಅಷ್ಟರವರೆಗೆ ಗೊತ್ತಿರ್ಲಿಲ್ಲ. ಅದರ ಮೇಲೆ ಒಂದು ತಿಂಗಳು ನಿಮ್ಮ ಮೇಲೆ ಸಿಟ್ಟಿತ್ತು. ಮೊನ್ನೆ ಇದು ಸುಟ್ಟಾಗ ಬೇರೆ ಕಡೆ ಕೊಡುವಾ ಅಂತ ಪುತ್ತೂರಿಗೂ ಹೋಗಿದ್ದೆ.”

“ಮತ್ತೆ?”

“ಅವರೂ ಎಂತ ಹೇಳ್ಲಿಲ್ಲ. ಬಿಟ್ಟು ಹೋಗಿ, ನಾಡಿದ್ದು ಬನ್ನಿ ಅಂದ್ರು ಅಷ್ಟೆ. ತಿರುಗಿ ಎತ್ತಿಕೊಂಡು ಇಲ್ಲಿಗೆ ಬಂದೆ.”

ಇವರು ಕ್ಷಮೆ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಸಿಟ್ಟು ಪೂರ್ತಿ ಹೋಗಿತ್ತೆಂದು ನನಗನಿಸುವುದಿಲ್ಲ. ಮೋಟರಿಗೆ ನಾನು ಹೊಸ ವೈಂಡಿಂಗ್ ಹಾಕಿದೆ. ಅದನ್ನು ತಲುಪಿಸಲು ಇವರು ತಾವೇ ಪಂಜಕ್ಕೆ ಹೊರಟರು. ಕರೆಂಟು ಹೋದರೆ ತಾನಾಗಿ ಬಿಟ್ಟುಕೊಂಡು, ಗುಂಡಿ ಒತ್ತುವವರೆಗೆ ಮತ್ತೆ ಹೊರಡದ ಒಂದು ಸ್ಟಾರ್ಟರನ್ನೂ ಕಾಗದದಲ್ಲಿ ಸುತ್ತಿ ತೆಗೆದುಕೊಂಡಿದ್ದರು. ಅದನ್ನು ಜೋಡಿಸಬೇಕಾದರೆ ವಯರು ಮುಟ್ಟಬೇಕು. ನಾನೂ ಬರುತ್ತೇನೆ ಎಂದೆ. ಬೇಡ ಎಂದರು.

ಸಂಜೆಯ ಬಸ್ಸು ಬರಲು ತಡವಾಯಿತು. ನಾನು ಅಂಗಡಿಯ ಬಾಗಿಲಲ್ಲಿ ಕೂತು, ಕಾಯಿಲು ಸುತ್ತಲು ಹೋಗಿ ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಸುತ್ತಿದೆ. ಇವರು ಬಸ್ಸಿಳಿದು ಬರುವುದು ಕಂಡಾಗ ಮೊದಲು ಕೈ ನೋಡಿದೆ. ಖಾಲಿ ಕೈ ಬೀಸಿಕೊಂಡು ಬರುತ್ತಿದ್ದರು. ಕಾಲು ತೊಳೆದು ಒಳಗೆ ಬಂದರು.

“ಹಾಕಿದ್ರಾ?” ಎಂದೆ.

“ಹಾಕಿದೆ. ತುಂಬ ಹೊತ್ತು ಹಿಡೀತು” ಎಂದರು. “ಈಗ ಗ್ರೈಂಡರ್ ಹಾಕುದು ಅವರ ಸೊಸೆ, ಅವಳಿಗೂ ತೋರಿಸಿ ಬಂದಿದ್ದೇನೆ.”

ನಾನು ಬಡಿಸಿದೆ. ಇವರು ಊಟಕ್ಕೆ ಕೂತರು.